ಗುಂಡಿ ಬಿಡಿ, ಪಾಲಾಕ್ಷಯ್ಯ

ಮೈಕು ಪಾಲಾಕ್ಷಯ್ಯನವರದು.
ನಿಜ ಹೇಳಬೇಕೆಂದರೆ ಅವರದೂ ಅಲ್ಲ, ಬಸ್ ನಿಲ್ದಾಣದ್ದು.
ಇಪ್ಪತ್ತಾರು ವರ್ಷ ಮೆಜೆಸ್ಟಿಕ್ಕಿನ ಗಾಜಿನ ಗೂಡಿನಲ್ಲಿ
ಅವರ ಉಸಿರು ಕುಡಿದು ಕಪ್ಪಾದ ಜಾಲರಿ,
ಬಾತಿನ ಕತ್ತು, ಬುಡದಲ್ಲಿ ಒಂದು ಕೇಜಿ ಕಬ್ಬಿಣ,
ಅಡಿಯಲ್ಲಿ ಯಾರೋ ಅಂಟಿಸಿದ ಚೀಟಿ:
‘ಎರಡನೇ ಪಾಳಿ. ಮುಟ್ಟಬೇಡಿ.’
ಗುಜರಿಗೆ ಬಿದ್ದದ್ದನ್ನು ತಕ್ಕಡಿಯ ಲೆಕ್ಕದಲ್ಲಿ
ನೂರ ನಲವತ್ತು ಕೊಟ್ಟು ಬಿಡಿಸಿಕೊಂಡು ಬಂದಿದ್ದರು.

ಎಸ್.ಪಿ. ರಸ್ತೆಯ ನನ್ನ ಮಹಡಿ ಹತ್ತುವಾಗ
ಮೂರು ಸಲ ನಿಂತರು.
ಏಪ್ರಿಲ್ಲಿನಲ್ಲೂ ಮಫ್ಲರ್ ಬಿಚ್ಚಿರಲಿಲ್ಲ.
ಗಂಟಲ ಆಪರೇಷನ್ನಿನಲ್ಲಿ ಉಳಿಸಿ ಕಳಿಸಿದ್ದು
ಜರಡಿಯ ಕೆಳಗೆ ಬೀಳುವ ಹಿಟ್ಟಿನಷ್ಟು ದನಿ.
‘ಹ್ಯಾಮ್ ಪರೀಕ್ಷೆ ಪಾಸಾದೆ ಕಣಮ್ಮ.
ಸೆಟ್ಟಿಗೆ ಇದನ್ನೇ ಜೋಡಿಸಿಕೊಡು.’
ಜೊತೆಗೆ ಬಂದ ಹೊಸ ಕೈಮೈಕು ಬೇಡವಂತೆ.
‘ಅದಕ್ಕೆ ನನ್ನ ಗುರುತಿಲ್ಲ.’

ಬಿಚ್ಚಿದೆ. ಒಳಗೆ ಅಂಥದ್ದೇನೂ ಇಲ್ಲ,
ಒಂದು ಪೊರೆ, ಒಂದು ಆಯಸ್ಕಾಂತ,
ಕೂದಲಿಗಿಂತ ತೆಳುವಾದ ಸುರುಳಿ.
ಕೂಗಿದರೆ ಮಾತ್ರ ಏಳುವ ಜಾತಿ ಇದು.
ರೇಡಿಯೋ ಬೇರೆ ಜಾತಿ, ಮೈಕಿನ ತಂತಿಯಲ್ಲೇ
ಐದು ವೋಲ್ಟು ಕಳಿಸಿ ಕಾಯುತ್ತಿರುತ್ತದೆ.
ಸುರುಳಿಗೆ ಅದು ತಗಲಿದರೆ ಪೊರೆ ಸೆಟೆದುಕೊಳ್ಳುತ್ತದೆ.
ನಡುವೆ ಒಂದು ಕೆಪಾಸಿಟರ್ ಕೂರಿಸಿದೆ,
ಮಾತು ಹೋಗಬಹುದು, ಕರೆಂಟು ಬರಬಾರದು.
ಪಕ್ಕದಲ್ಲಿ ಅದೇ ಐದು ವೋಲ್ಟು ತಿಂದು ಬದುಕುವ
ಮೂರು ರೂಪಾಯಿಯ ಟ್ರಾನ್ಸಿಸ್ಟರ್,
ಪಿಸುಮಾತನ್ನು ಹೆಗಲಿಗೆ ಹತ್ತಿಸಿಕೊಳ್ಳಲು.
ಗುಂಡಿಯ ಅರ್ತು, ಮೈಕಿನ ಅರ್ತು ಬೇರೆ ಬೇರೆ ಎಳೆದೆ,
ಒಟ್ಟಿಗೆ ಕಟ್ಟಿದರೆ ಜೀರುಂಡೆ ಹೊಕ್ಕ ಹಾಗೆ ಗುಂಯ್ ಅನ್ನುತ್ತದೆ.
ಪ್ಲಗ್ಗಿಗೆ ಎಂಟು ಕಾಲು. ಯಾವುದು ಯಾವುದಕ್ಕೆಂದು
ಪುಸ್ತಕ ಹೇಳುವುದು ಒಂದು, ಮೀಟರ್ ಹೇಳುವುದು ಇನ್ನೊಂದು.
ನಾನು ಮೀಟರಿನ ಪಕ್ಷ.

‘ಮಾತಾಡಿ’ ಅಂದೆ, ಪ್ರೀಸೆಟ್ ತಿರುಗಿಸುತ್ತ.
ಕಾಲು ಸುತ್ತು: ಅವರು ಕೇಳಿಸಲಿಲ್ಲ.
ಅರ್ಧ ಸುತ್ತು: ಅವರಿಗಿಂತ ಮೊದಲು ನನ್ನ ಫ್ಯಾನು ಕೇಳಿಸಿತು.
ಮುಕ್ಕಾಲಿಗೆ, ಕೆಳಗೆ ವೈರು ಅಳೆಯುವ ಹುಡುಗನ ಎಣಿಕೆ,
ರಿವರ್ಸ್ ಬರುವ ಟೆಂಪೋ,
ಎಳನೀರಿನ ಮಚ್ಚು,
ಗಲ್ಲಿಗೆ ಗಲ್ಲಿಯೇ ಪಾಲಾಕ್ಷಯ್ಯನ ಬೆನ್ನು ಹತ್ತಿ
ಮಹಡಿ ಏರಿ ಬಂದಿತ್ತು.
ಈ ಊರಲ್ಲಿ ಒಂದು ಸಣ್ಣ ದನಿ ಎತ್ತಲು ಹೋದರೆ
ಊರು ತಾನೂ ಎದ್ದು ನಿಲ್ಲುತ್ತದೆ.

ಇಳಿಸಿದೆ. ಕೆಪಾಸಿಟರ್ ಚಿಕ್ಕದು ಹಾಕಿ
ದಪ್ಪ ಸದ್ದಿನ ಕಾಲು ಕತ್ತರಿಸಿದೆ.
‘ಹತ್ತಿರ ಬನ್ನಿ. ಇನ್ನೂ.’
ಜಾಲರಿಗೆ ತುಟಿ ತಗಲುವಷ್ಟು ಬಂದರು.
ಆ ಜಾಗ ಅವರಿಗೆ ಹೊಸದಲ್ಲ.

ಉಳಿದದ್ದು ಗುಂಡಿ.
ಹಳೆಯದು ಒಮ್ಮೆ ಒತ್ತಿದರೆ ಒತ್ತಿಕೊಂಡೇ ಇರುವಂಥದ್ದು.
‘ಚನ್ನರಾಯಪಟ್ಟಣ, ಹಾಸನ, ಅಂಕಣ ಹನ್ನೊಂದು’
ಅಂತ ಎರಡೆರಡು ಸಲ ಹೇಳಿ ಮುಗಿಸುವವರೆಗೆ
ಎದುರು ಮಾತಿಗೆ ತಂತಿಯೇ ಎಳೆದಿರಲಿಲ್ಲ.
ಅದನ್ನು ಕಿತ್ತೆ. ಬೆರಳು ತೆಗೆದರೆ ಮೇಲೇಳುವ
ಸ್ಪ್ರಿಂಗಿನದನ್ನು ಬೆಸೆದೆ.

ಸಂಜೆ ಏಳಕ್ಕೆ ಸೆಟ್ ಹಚ್ಚಿದೆವು.
ಪಾಲಾಕ್ಷಯ್ಯ ಕಾಲರ್ ಸರಿ ಮಾಡಿಕೊಂಡರು,
ಒತ್ತಿದರು,
‘ಪ್ರಯಾಣಿಕರ ಗಮನಕ್ಕೆ’
ಅಂದುಬಿಟ್ಟರು.
ನಾಲಿಗೆ ಕಚ್ಚಿಕೊಂಡು ಕಾಲ್‌ಸೈನ್ ಹೇಳಿದರು, ಹೆಸರು ಹೇಳಿದರು,
ಊರು ಬೆಂಗಳೂರು ಅಂದರು.
ಆಮೇಲೆ ಕಾದರು.
ಕೆಂಪು ದೀಪ ಉರಿಯುತ್ತಲೇ ಇತ್ತು.
‘ಯಾರೂ ಇಲ್ಲ ಕಣಮ್ಮ.’
ಗುಂಡಿ ಬಿಡಿ, ಅಂದೆ.
‘ಹಾಂ?’
ಗುಂಡಿ! ಬಿಡಿ, ಪಾಲಾಕ್ಷಯ್ಯ!

ಬಿಟ್ಟರು. ಸ್ಪೀಕರಿನಲ್ಲಿ ಮರಳು ಸುರಿಯಿತು.
ಮರಳಿನ ಒಳಗಿಂದ, ತುಮಕೂರಿನ ಆಚೆಯಿಂದ ಯಾರೋ:
‘ಕೇಳಿಸ್ತು ಸ್ವಾಮಿ, ಅಕ್ಷರ ಅಕ್ಷರ ಕೇಳಿಸ್ತು.
ಹಿಂದೆ ಯಾರೋ ಹೆಂಗಸರು ಬೈದದ್ದೂ ಕೇಳಿಸ್ತು. ಓವರ್.’

ನಾನು ನಕ್ಕೆ. ಅವರು ನಗಲಿಲ್ಲ.
ಮಫ್ಲರಿನ ತುದಿಯಿಂದ ಜಾಲರಿ ಒರೆಸಿದರು.
‘ದಿನಕ್ಕೆ ಎಷ್ಟು ಸಲ ಹಾಸನ ಅಂತಿದ್ದೆ.
ಕೇಳಿಸ್ತು ಅಂತ ಒಬ್ಬರಾದರೂ…’

‘ಓವರ್, ಸ್ವಾಮಿ. ಇದ್ದೀರಾ?’
ಮತ್ತೆ, ಸ್ವಲ್ಪ ಆತಂಕದಲ್ಲಿ: ‘ಇದ್ದೀರಾ?’

ಇದ್ದರು.
ಬೆರಳು ಮಾತ್ರ ಮಡಿಲಲ್ಲಿತ್ತು.