ಖಾಲಿ ಬಿಲ್ಲೆಯ ತೂಕ

ತೂಕದ ಕೋಣೆಯಲ್ಲಿ ಫ್ಯಾನಿಲ್ಲ.
ಹೊರಗೆ ಕಲಬುರಗಿ ನಲವತ್ನಾಲ್ಕು ಡಿಗ್ರಿಗೆ ಕಾದು
ಡಾಂಬರು ಚಪ್ಪಲಿಗೆ ಅಂಟುವಾಗಲೂ
ಇಲ್ಲಿ ಇಪ್ಪತ್ತೆರಡು. ಉಸಿರು ಬಿಗಿಹಿಡಿದು
ಚಿಮಟದಲ್ಲಿ ಬಿಳಿ ಬಿಲ್ಲೆಯೆತ್ತಿ ತಕ್ಕಡಿಗಿಡಬೇಕು.
ನಾನು ಸೀನಿದರೆ ಅದಕ್ಕೆ ಭೂಕಂಪ.
ಹೀಗೇ ಇಪ್ಪತ್ತಾರು ವರ್ಷ.
ನೆಂಟರು ಕೇಳಿದರೆ ನಮ್ಮಣ್ಣ ಹೇಳುವುದು:
"ಅಕಿ ಹೊಗಿ ತೂಗ್ತಾಳ್ರಿ. ಸರ್ಕಾರ ಪಗಾರ ಕೊಡ್ತದ."

ಸುಳ್ಳೇನಲ್ಲ.
ಸೊಂಟಕ್ಕೊಂದು ಪಂಪು, ಮೂಗಿನ ಪಕ್ಕ ಕೊಳವೆ;
ಒಂದು ಹಗಲು ಒಂದು ರಾತ್ರಿ
ಒಲೆ ಮುಂದಿನ ಹೆಂಗಸಿನ ಗಾಳಿಯನ್ನು ತಾನೂ ಉಸಿರಾಡಿ
ಬಿಳಿ ಹೋದದ್ದು ಕಾಡಿಗೆಯಾಗಿ ಬರುತ್ತದೆ.

ಜೊತೆಗೆ ಒಂದು ಖಾಲಿ ಬಿಲ್ಲೆಯನ್ನೂ ಒಯ್ಯುತ್ತೇವೆ.
ಅದಕ್ಕೆ ಕೆಲಸವಿಲ್ಲ. ಡಬ್ಬಿಯಲ್ಲೇ ಮಲಗಿ
ಜೀಪಿನಲ್ಲಿ ಕುಲುಕಿ, ಪಡಸಾಲೆಯಲ್ಲಿ ಕಾದು ಹಾಗೇ ಮರಳಬೇಕು.
ದಾರಿಯ ಧೂಳು, ನಮ್ಮ ಬೆರಳಿನ ತಪ್ಪು
ಅದರ ಮೈಮೇಲೆ ಎಷ್ಟು ಕೂತಿತೋ
ಅಷ್ಟನ್ನು ಉಳಿದ ಲೆಕ್ಕದಿಂದ ಕಳೆಯುತ್ತೇವೆ.
ಎಲ್ಲ ಮನೆಯೊಳಗೂ ಹೋಗಿ
ಯಾವ ಮನೆಯನ್ನೂ ಉಸಿರಾಡದೆ ಬರುವುದು.
ಆ ಕೆಲಸ ನನಗೂ ಒಗ್ಗಿತ್ತು.

ಚಿತ್ತಾಪುರದಾಚೆ ಸಾಬಮ್ಮನ ಮನೆ:
ಪರಸಿಕಲ್ಲಿನ ಗೋಡೆ, ಪರಸಿಕಲ್ಲಿನ ಮಾಳಿಗೆ,
ಬೆಳಕಿಂಡಿಯ ಮೇಲೂ ಒಂದು ಪರಸಿ.
"ತೆರದ್ರ ಹೊಗಿ ಹೋಗ್ತದಲ್ಲ?"
"ಹೋಗ್ತದ್ರಿ. ಮ್ಯಾಲಿಂದ ಮಂಗ್ಯಾ ಬರ್ತದ.
ಹೊಗಿ ರೊಟ್ಟಿ ಕಸ್ಕೊಂಡು ಹೋಗಂಗಿಲ್ಲ ನೋಡ್ರಿ."

ನನ್ನ ನಮೂನೆಯಲ್ಲಿ ಮಂಗನಿಗೆ ಕಾಲಂ ಇರಲಿಲ್ಲ.

ತೊಗರಿಕಟ್ಟಿಗೆ ಚಟಚಟ ಉರಿಯಿತು.
ದಿನಕ್ಕೆ ಇನ್ನೂರು ರೊಟ್ಟಿ, ಸ್ಟೇಷನ್ ಹತ್ತಿರದ ಖಾನಾವಳಿಗೆ.
ಕೆಮ್ಮು ಬಂದಾಗಷ್ಟೇ ಬಡಿಯುವುದು ನಿಲ್ಲಿಸಿ
ಸೆರಗಿಗೆ ಕೆಮ್ಮಿ, ಮತ್ತೆ ಬಡಿತ.
"ಎಷ್ಟಾತ್ರಿ ತೂಕ?"
"ಈಗಲ್ಲ, ಕಲಬುರಗಿಗೆ ಹೋಗಿ ತೂಗ್ಬೇಕು."
"ಮತ್ತ ಬಂದು ಹೇಳ್ರಿ."
ಎಲ್ಲರಿಗೂ ಹೇಳುವ ಹಾಗೆ, ಹೂಂ ಎಂದೆ.

ತಕ್ಕಡಿಯಲ್ಲಿ ಖಾಲಿ ಬಿಲ್ಲೆ ಖಾಲಿಯಿರಲಿಲ್ಲ.
ನಡುವೆ ಬೆರಳಿನ ಗುರುತು, ಜೋಳದ ಹಿಟ್ಟು.
ಯಾರೋ ಡಬ್ಬಿ ತೆರೆದಿದ್ದರು.
ಮನೆ ಸಂಖ್ಯೆ ನಲವತ್ತೊಂದು: ರದ್ದು.
ಕೆಂಪು ಶಾಯಿಯಲ್ಲಿ ನಾನೇ ಬರೆದೆ.
ವರದಿ ದಿಲ್ಲಿಗೆ ಹೋಯಿತು, ಚಪ್ಪಾಳೆಯೂ ಆಯಿತು.
ಸರಾಸರಿಯಲ್ಲಿ ಅವಳಿಲ್ಲದ್ದು ಎಳ್ಳಷ್ಟೂ ಕಾಣಲಿಲ್ಲ.

ಒಂಬತ್ತು ವರ್ಷ.
ಹೋದ ತಿಂಗಳು ಬೇರೆ ಕೆಲಸಕ್ಕೆ ಆ ಕಡೆ ಹೋದವಳು
ಜೀಪು ತಿರುಗಿಸಲು ಹೇಳಿದೆ.
ಮೂಲೆಯಲ್ಲಿ ಗ್ಯಾಸಿನ ಸಿಲಿಂಡರು, ಅದರ ಮೇಲೆ ಉಪ್ಪಿನಕಾಯಿ ಭರಣಿ.
ಒಲೆ ಅಲ್ಲೇ. ಪರಸಿಯೂ.
ಚಪ್ಪಲಿ ಬಿಡುವ ಮೊದಲೇ ಕೇಳಿದಳು:
"ಎಷ್ಟಾತ್ರಿ?"

"ಎಳ್ಳಿನ ಅರ್ಧ."
"ಇಷ್ಟs ಏನು?" ಎಂದು ನಕ್ಕಳು,
ನಗು ಕೆಮ್ಮಾಗುವ ತನಕ.

ಡಬ್ಬಿ ತೆರೆದದ್ದು ಮೊಮ್ಮಗ ಭಾಗಪ್ಪನೇ ಎಂದುಕೊಂಡಿದ್ದೆ.
"ಇಲ್ರಿ, ನಾನs. ಒಂದು ನನಗ ಕಟ್ಟಿದ್ರಿ,
ಇನ್ನೊಂದು ಮುಚ್ಚಿಟ್ಟಿದ್ರಿ. ಅದ್ಯಾರದು ಅಂತ ನೋಡ್ದೆ.
ಯಾರದೂ ಅಲ್ಲ. ಪಾಪ ಅನಿಸ್ತು. ಮುಟ್ಟಿ ಮುಚ್ಚಿದೆ."

ಆ ಬಿಲ್ಲೆ ನನ್ನ ಮೇಜಿನ ಖಾನೆಯಲ್ಲಿದೆ.
ಯಾವ ಲೆಕ್ಕದಿಂದಲೂ ಅದನ್ನು ಕಳೆದಿಲ್ಲ.

ಮುಂದಿನ ರವಿವಾರ, ರಜೆಯ ದಿನ,
ಸೂಪರ್ ಮಾರ್ಕೆಟ್ಟಿನಿಂದ ತಂತಿಜಾಳಿಗೆ ಕೊಂಡೆ,
ಚೌಕಾಸಿ ಮಾಡಿ ತೊಂಬತ್ತು ರೂಪಾಯಿ.
ಡ್ರೈವರ್ ಮೆಹತಾಬ್ ಮಾಳಿಗೆ ಹತ್ತಿ ಪರಸಿ ಸರಿಸಿ
ನಾಲ್ಕು ಮೂಲೆಗೂ ಮೊಳೆ ಹೊಡೆದ.
ಒಲೆ ಹೊತ್ತಿಸಿದಾಗ ಬಿಸಿಲಿನ ಒಂದು ಚೌಕ
ನೇರ ಹಿಟ್ಟಿನ ಪರಾತದೊಳಗೆ ಬಿತ್ತು.
ಹೊಗೆ ಅದನ್ನೇ ಹಿಡಿದು ಮೇಲೆ ಹೋಯಿತು.

ಕಡಿಮೆಯಾಯಿತೆ? ಕಣ್ಣು ಹೌದೆಂದಿತು. ತೂಗಿಲ್ಲ.

ಸ್ವಲ್ಪ ಹೊತ್ತಿಗೆ ಜಾಳಿಗೆಯ ಮೇಲೆ ಮಂಗ ಬಂದು ಕೂತು
ಇನ್ನೂರು ರೊಟ್ಟಿಯನ್ನು ಒಂದೊಂದಾಗಿ ನೋಡಿ
ಕಣ್ಣುಜ್ಜಿಕೊಂಡು ಎದ್ದುಹೋಯಿತು.