ಅಂಚಿನಲ್ಲಿ ಕೆಂಪು ಶಾಯಿ

ಈ ಚಳಿಗಾಲ ಹೊಸ ಪುಸ್ತಕ ಮೂರು ಓದಿದೆ,
ಮೂರಲ್ಲ, ಎರಡೂವರೆ.
ಬಹುಮಾನ ಬಂದ ದಪ್ಪ ಕಾದಂಬರಿ
ಇನ್ನೂರ ಹನ್ನೆರಡನೇ ಪುಟದಲ್ಲಿ ಕೂತುಬಿಟ್ಟಿದೆ,
ಮಿನಿಬಸ್ಸಿನ ಟಿಕೆಟ್ಟು ಕಚ್ಚಿಕೊಂಡು.
ಅದರಲ್ಲಿ ಎಲ್ಲರೂ ಚೆಂದ ಮಾತಾಡುತ್ತಾರೆ,
ಒಬ್ಬರಿಗೂ ನೆಗಡಿಯಾಗುವುದಿಲ್ಲ.

ತೆಳ್ಳನೆ ಕವಿತೆ ಪುಸ್ತಕವನ್ನು
ರಸಾಯನಶಾಸ್ತ್ರದ ಪತ್ರಿಕೆ ತಿದ್ದುತ್ತಾ ಓದಿದ್ದು.
ಹತ್ತು ಪತ್ರಿಕೆಗೊಂದು ಕವಿತೆ,
ನನಗೆ ನಾನೇ ಕೊಟ್ಟುಕೊಂಡ ಲಂಚ.
ಉಪ್ಪಿನ ಬಗ್ಗೆ ಒಂದಿತ್ತು. ಸೂತ್ರ ತಪ್ಪು.
ಆದರೂ ನಾಲಿಗೆಗೆ ಹತ್ತಿತು.

ಮೂರನೆಯದು ನಮ್ಮ ಕುತೈಸಿಯಂಥದೇ ಊರು,
ಕರೆಂಟಿಲ್ಲದ ಆ ವರ್ಷಗಳು,
ಪಿಯಾನೋ ಮಾರಿ ಹಿಟ್ಟು ತಂದ ತಾಯಿ
ಕತ್ತಲಲ್ಲಿ ನಾದುತ್ತಾಳೆ, ಬೆರಳು ಇನ್ನೂ
ಯಾವುದೋ ತಾಳಕ್ಕೆ.
ಅಭ್ಯಾಸಬಲ. ಲೈಬ್ರರಿ ಪುಸ್ತಕವೆಂಬುದೂ ಮರೆತು
ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ಗೀಚಿದೆ:
‘ಇವಳು ಯಾಕೆ ಅಳುವುದಿಲ್ಲ?’

ಮಾರ್ಚಿನಲ್ಲಿ ಅದೇ ಪುಟಕ್ಕಾಗಿ ಮತ್ತೆ ತಂದೆ.
ನನ್ನ ಕೆಂಪಿನ ಕೆಳಗೆ
ಎಡಕ್ಕೆ ವಾಲಿದ ಪೆನ್ಸಿಲ್ ಅಕ್ಷರ:
‘ಹಿಟ್ಟು ಒದ್ದೆಯಾಗುತ್ತೆ, ಟೀಚರ್.’

ರಾತ್ರಿಯೆಲ್ಲ ಹತ್ತನೇ ತರಗತಿಯ ಕಟ್ಟು ಬಿಚ್ಚಿ
ಒಂದೊಂದಾಗಿ ನೋಡಿದೆ.
ಮಾಲ್ಖಾಜನದು ಎಂದಿನಂತೆ ಖಾಲಿ ಹಾಳೆ.
ಸೊನ್ನೆ ಹಾಕಿದ್ದೆ.
ಮೇಲೆ ಹೆಸರಷ್ಟೇ ಬರೆದಿದ್ದ,
ಎಡಕ್ಕೆ ವಾಲಿಸಿ.