ಅಳತಿ ಪುಸ್ತಕದ ಹಿಂದಿನ ಹಾಳಿ

ಸಾಣಾಪುರದ ಕೆರಿ ದಾರ್ಯಾಗ ತಗಡಿನ ಅಂಗಡಿ.
ದಾವಲಬಿ ಹೊಲೀತಾಳ, ನಾನು ಕಾಜಾ ಮಾಡತೀನಿ.
ಅಳತಿ ಪುಸ್ತಕದಾಗ
ಎದಿ ಮೂವತ್ನಾಕು, ತೋಳು ಒಂಬತ್ತು
ಮುಗಿದ ಮ್ಯಾಲ, ಹಿಂದಿನ ಹಾಳಿಗೆ
ಇಟಲಿ ಶುರು.

ಬರೆಸಿದಾಕಿ ಓರ್ನೆಲ್ಲಾ.
ಬಂಡೆಗಲ್ಲು ಏರಾಕ ಹೋಗಿ
ಮೊಣಕಾಲಿಗೆ ಪ್ಯಾಂಟು ಹರಕೊಂಡು ಬಂದಿದ್ಲು.
ತ್ಯಾಪಿ ಹಾಕೂದ್ರಾಗ ಹದಿನೈದು ಮಾತು ಕಲಿಸಿದ್ಲು.

ಕ್ವಾಂತೊ ಕೋಸ್ತಾ: ಎಷ್ಟು ಇದಕ್ಕ?
ತಾಲ್ಯಾ: ಅಳತಿ.
(ತಾಳಿ ಅಲ್ಲ, ಅಂತ ಪೆನ್ಸಿಲ್ಲಿನಾಗ.)
ಸ್ತ್ರೆತ್ತೊ ಬಿಗಿ, ಲಾರ್ಗೊ ಸಡಿಲ.
ಬೆಲ್ಲಾ ಅಂದರ ಚಂದ, ಕಾರೊ ಅಂದರ ತುಟ್ಟಿ.
'ಅಲ್ಲೂ ಬೆಲ್ಲ ಬೇಕು, ಖಾರ ಸುಡತೈತಿ.
ಮತ್ಯಾಕ ಇಷ್ಟು ದೂರ ಬಂದೀಯವಾ?'
ಅಂತ ದಾವಲಬಿ ನಕ್ಕು
ದಾರ ಹಲ್ಲಿಲೆ ಕಡದ್ಲು.

ಒಂದು ಮಾತಿಗೆ ಮಾತ್ರ ಆಕಿ ಬೆಚ್ಚಿದ್ಲು.
ಹೊಸಾ ಅಂಗಿ ತೊಟ್ಟು, ಕನ್ನಡಿ ಮುಂದ ನಿಂತು
ಓರ್ನೆಲ್ಲಾ ಅಂದ್ಲು: ಮಿ ಸ್ತಾ ಬೇನೆ.
'ಎಲ್ಲಿ ಬೇನೆ? ಹೆಗಲಾಗೇನು?
ಕಂಕಳ ಹಿಡೀತೇನು?
ತಾ, ಹೊಲಿಗಿ ಬಿಚ್ಚತೀನಿ.'
ಬೇನೆ, ಬೇನೆ ಅಂತ ಆಕಿ ನಗತಾಳ,
ಬುಗರಿ ಹಂಗ ತಿರಗತಾಳ.
ತಿಳಿಯೂದ್ರಾಗ ಚಾ ಆರಿತ್ತು.
ಬೇನೆ ಅಂದರ ಅವರಲ್ಲಿ ಚಲೋ ಅಂತ.

'ಬೇನೆ ಇಟಗೊಂಡು ಚಲೋ ಅನ್ನೋರನ್ನ
ಊರ ತುಂಬ ಕಂಡೀನಿ,' ಅಂದ್ಲು ದಾವಲಬಿ,
'ಚಲೋ ಇದ್ದು ಬೇನೆ ಅನ್ನಾಕಿನ್ನ
ಇವತ್ತೇ ಕಂಡೆ.'

ಈಗ ಶಿವರಾತ್ರಿ ಕಳದೈತಿ. ಬಂಡೆ ಕಾದು ಹಂಚಾಗ್ಯಾವ.
ಪರದೇಶಿ ಮಂದಿ ಇಲ್ಲ, ಮಾತು ಉಳದಾವ.
ಗಂಗಾವತಿ ಹೋಲ್‌ಸೇಲ್ ಅಂಗಡ್ಯಾಗ
ಲೈನಿಂಗಿನ ರೇಟು ಕೇಳಿ
'ತ್ರೊಪ್ಪೊ ಕಾರೊ' ಅಂದ್ಲಂತ.
ಶಾಪ ಹಾಕಿದ್ಲು ಅಂತ ತಿಳದು ಆ ಸೇಠ
ಮೀಟರಿಗೆ ಎರಡು ರೂಪಾಯಿ ಇಳಿಸಿದ.

ನಮ್ಮೂರ ಹೆಂಗಸರು ಅಂಗಡ್ಯಾಗ ತೊಟ್ಟು ನೋಡೋರಲ್ಲ.
ಪೇಪರಿನಾಗ ಸುತ್ತಿಸಿಕೊಂಡು ಹೋಗತಾರ,
ಬಿಗಿಯಾದರ ಮೈನೇ ಒಗ್ಗಿಸಿಕೋತಾರ.
ನಿನ್ನಿ, ಮಗ್ಗಲ ಚಾದಂಗಡಿ ಗಾಳೆವ್ವ,
ಇಟಲಿ ಪಾಠ ಎಲ್ಲಾ ಕೇಳಿಸಿಕೊಂಡಾಕಿ,
ತಮ್ಮನ ಮಗಳ ನಿಶ್ಚಯಕ್ಕ ಹೊಲಿಸಿದ ಕುಪ್ಪಸ ಹಿಡಕೊಂಡು
ಹಳೇ ಸೀರಿ ಪರದೆ ಸರಿಸಿ
ಒಳಗ ಹೋದ್ಲು.

ಬಾಳ ಹೊತ್ತು ಸಪ್ಪಳಿಲ್ಲ.
'ಹೆಂಗೈತಿ?' ಅಂದ್ಲು ದಾವಲಬಿ.
ಒಳಗಿಂದ, ಸಣ್ಣಗ:
'ಬೇನೆ.'

ಮಷಿನ್ನು ನಿಂತಿತು.
ಕೊರಳಾಗ ಟೇಪು, ಕೈಯಾಗ ಕತ್ತರಿ,
ಯಾವ ಭಾಷಿ ಅಂತ ತಿಳೀದ
ದಾವಲಬಿ ಪರದೆ ಹೊರಗ ನಿಂತಾಳ.